ಕತ್ತಿನ ಗಂಟಿಗೆ ಸೂಜಿ, ಸೂಜಿಗೆ ಕರೆಂಟು

ಕತ್ತೂ ಹೆಗಲೂ ಕೂಡುವ ಕಡೆ ದಪ್ಪ ಮಾಂಸದ ಮಡಿಕೆಯೊಂದಿದೆ. ಅದನ್ನು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಹಿಡಿದು, ಸ್ವಲ್ಪ ಮೇಲಕ್ಕೆತ್ತಿ, ಮೆಲ್ಲಗೆ ಹೊಸೆದು ನೋಡಿ. ಹೆಚ್ಚಿನ ಕಡೆ ಮಾಂಸ ಮೆತ್ತಗೆ ಜಾರುತ್ತದೆ. ಒಂದು ಕಡೆ ಮಾತ್ರ ಬಿಗಿದ ಹುರಿಯಂಥದ್ದು ಬೆರಳಿಗೆ ತಾಗುತ್ತದೆ. ಆ ಹುರಿಯ ಉದ್ದಕ್ಕೂ ಬೆರಳು ಸರಿಸುತ್ತ ಹೋದರೆ ಒಂದು ಬಿಂದುವಿನಲ್ಲಿ ಜೀವ ಹೋದಷ್ಟು ನೋವು. ಅಲ್ಲೇ ಐದಾರು ಸೆಕೆಂಡು ಒತ್ತಿ ಹಿಡಿದರೆ ನೋವು ಅಲ್ಲಿಗೇ ನಿಲ್ಲುವುದಿಲ್ಲ. ಕತ್ತಿನ ಪಕ್ಕದಲ್ಲಿ ಮೇಲೇರಿ, ಕಿವಿಯ ಹಿಂದೆ ಹಾದು, ಕೆಲವರಿಗೆ ಹಣೆಯ ಪಕ್ಕದವರೆಗೂ ಹೋಗುತ್ತದೆ. "ಹಾಂ, ದಿನಾ ಕಾಡುವ ನೋವು ಇದೇ" ಎಂದು ರೋಗಿಯ ಬಾಯಲ್ಲಿ ಬರುವುದು ಈ ಹೊತ್ತಿನಲ್ಲೇ.

ಇದನ್ನು ನಾವು ಆಡುಮಾತಿನಲ್ಲಿ ಗಂಟು ಎನ್ನುತ್ತೇವೆ, ಇಲ್ಲವೇ "ನರ ಹಿಡಿದುಕೊಂಡಿದೆ" ಎನ್ನುತ್ತೇವೆ. ವೈದ್ಯರು ಟ್ರಿಗರ್ ಪಾಯಿಂಟ್ ಎನ್ನುತ್ತಾರೆ. ಈ ಪದವನ್ನು ಬಳಕೆಗೆ ತಂದವರಲ್ಲಿ ಮುಖ್ಯರು ಅಮೆರಿಕದ ವೈದ್ಯೆ ಜಾನೆಟ್ ಟ್ರಾವೆಲ್. ಬೆನ್ನುನೋವಿನಿಂದ ನರಳುತ್ತಿದ್ದ ಅಧ್ಯಕ್ಷ ಕೆನಡಿಗೆ ಚಿಕಿತ್ಸೆ ಕೊಟ್ಟವರು ಇವರೇ. ಡೇವಿಡ್ ಸೈಮನ್ಸ್ ಜೊತೆ ಸೇರಿ 1983ರಲ್ಲಿ ಇವರು ತಂದ ಕೈಪಿಡಿಯಲ್ಲಿ ಯಾವ ಸ್ನಾಯುವಿನ ಗಂಟು ನೋವನ್ನು ಎಲ್ಲಿಗೆ ಕಳಿಸುತ್ತದೆ ಎಂಬ ನಕ್ಷೆಗಳಿವೆ. ಇಂದಿಗೂ ಫಿಸಿಯೋಥೆರಪಿ ಕೋಣೆಗಳ ಗೋಡೆಯ ಮೇಲೆ ಕಾಣುವ ಕೆಂಪು ಚುಕ್ಕಿಗಳ ಚಿತ್ರಗಳಿಗೆ ಮೂಲ ಆ ನಕ್ಷೆಗಳೇ.

ಈ ಗಂಟಿಗೆ ಮಾಡುವ ಚಿಕಿತ್ಸೆಗಳಲ್ಲಿ ಒಂದು, ಸೂಜಿ ಚುಚ್ಚಿ ಆ ಸೂಜಿಯ ಮೂಲಕ ಕರೆಂಟು ಹರಿಸುವುದು. ಕೇಳಿದವರಿಗೆ ಮೊದಲು ಭಯವಾಗುತ್ತದೆ, ಆಮೇಲೆ ಕುತೂಹಲ ಹುಟ್ಟುತ್ತದೆ, ಕೊನೆಗೆ ಅತಿಯಾದ ನಿರೀಕ್ಷೆ ಬೆಳೆಯುತ್ತದೆ. ಆ ಮೂರನ್ನೂ ಪಕ್ಕಕ್ಕಿಟ್ಟು ಇದು ನಿಜವಾಗಿ ಏನು ಮಾಡುತ್ತದೆ, ಏನನ್ನು ಮಾಡಲಾರದು, ಎಲ್ಲಿ ಎಡವುತ್ತದೆ ಎಂದು ನಿಧಾನವಾಗಿ ನೋಡೋಣ.

ಸೂಜಿ ಯಾಕೆ ಬೇಕು

ಚರ್ಮದ ಮೇಲೆ ಅಂಟುಪ್ಯಾಡ್ ಹಚ್ಚಿ ಕರೆಂಟು ಕೊಡುವ ಟೆನ್ಸ್ ಯಂತ್ರವನ್ನು ಬಹಳ ಜನ ನೋಡಿರುತ್ತಾರೆ. ಅದರಲ್ಲಿ ಕರೆಂಟು ಮೊದಲು ದಾಟಬೇಕಾದದ್ದು ಚರ್ಮದ ಹೊರಪದರವನ್ನು. ಸತ್ತ ಜೀವಕೋಶಗಳ ಆ ಒಣ ಪದರ ಕರೆಂಟನ್ನು ಸುಲಭವಾಗಿ ಬಿಡುವುದಿಲ್ಲ. ಬಿಟ್ಟಮೇಲೂ ಕರೆಂಟು ಚರ್ಮದ ಅಡಿಯ ಕೊಬ್ಬಿನಲ್ಲಿ ಅಗಲವಾಗಿ ಹರಡಿಹೋಗುತ್ತದೆ. ಆಳದಲ್ಲಿರುವ ಗಂಟಿಗೆ ತಲುಪುವುದು ಅದರಲ್ಲಿ ಒಂದು ಪಾಲು ಮಾತ್ರ. ಉಳಿದದ್ದು ಚರ್ಮದ ನರಗಳನ್ನೇ ಜುಮ್ಮೆನಿಸುತ್ತದೆ. ತಲುಪಲೇಬೇಕೆಂದು ಕರೆಂಟು ಏರಿಸಿದರೆ ಗಂಟಿಗಿಂತ ಮೊದಲು ಚರ್ಮ ಉರಿಯುತ್ತದೆ.

ಸೂಜಿ ಆ ಗೋಡೆಯನ್ನೇ ದಾಟಿ ಒಳಗೆ ಹೋಗಿರುತ್ತದೆ. ಇಲ್ಲಿ ಸೂಜಿಯ ಕೆಲಸ ಒಂದು ತಂತಿಯದು, ಅಷ್ಟೇ. ಲೆಕ್ಕ ಹಾಕಿದರೆ ವ್ಯತ್ಯಾಸ ಕಣ್ಣಿಗೆ ಕಟ್ಟುತ್ತದೆ. 5 ಸೆಂ.ಮೀ. ಉದ್ದಗಲದ ಅಂಟುಪ್ಯಾಡಿನ ವಿಸ್ತೀರ್ಣ 25 ಚದರ ಸೆಂ.ಮೀ. 0.30 ಮಿ.ಮೀ. ದಪ್ಪದ ಸೂಜಿ 15 ಮಿ.ಮೀ. ಒಳಗೆ ಹೋಗಿದ್ದರೆ ದೇಹಕ್ಕೆ ತಾಗಿರುವ ಲೋಹದ ವಿಸ್ತೀರ್ಣ ಸುಮಾರು 0.14 ಚದರ ಸೆಂ.ಮೀ. ಅಂದರೆ ಅಷ್ಟೇ ಕರೆಂಟು ಸೂಜಿಯ ಸುತ್ತ ಹೆಚ್ಚುಕಡಿಮೆ 175 ಪಟ್ಟು ಸಾಂದ್ರವಾಗಿರುತ್ತದೆ. ಪ್ಯಾಡಿನಲ್ಲಿ ಹತ್ತಾರು ಮಿಲಿಆಂಪಿಯರ್ ಬೇಕಾಗುವ ಕಡೆ ಸೂಜಿಯಲ್ಲಿ ಒಂದೆರಡು ಮಿಲಿಆಂಪಿಯರ್‌ಗೇ ಸ್ನಾಯು ಕುಣಿಯುವುದು ಇದಕ್ಕೇ. ಈ ಚಿಕಿತ್ಸೆಯ ಲಾಭವೂ ಅಪಾಯವೂ ಈ ಒಂದು ಲೆಕ್ಕದಲ್ಲೇ ಅಡಗಿವೆ. ಕರೆಂಟು ಎಲ್ಲಿ ಬೇಕೋ ಅಲ್ಲೇ ಬೀಳುತ್ತದೆ. ಸೂಜಿ ತಪ್ಪು ಜಾಗದಲ್ಲಿದ್ದರೆ ಕರೆಂಟೂ ಅಷ್ಟೇ ಕರಾರುವಾಕ್ಕಾಗಿ ತಪ್ಪು ಜಾಗದಲ್ಲೇ ಬೀಳುತ್ತದೆ.

ಆದ್ದರಿಂದ ಯಂತ್ರಕ್ಕಿಂತ ಮೊದಲು ಬೆರಳು. ಸೂಜಿಯ ಪರಿಣಾಮ ಅದರೊಳಗಿನ ಔಷಧದಿಂದಲೇ ಬರುತ್ತದೆ ಎಂದು ನಂಬಿದ್ದ ಕಾಲದಲ್ಲಿ, 1979ರಲ್ಲಿ, ಪ್ರಾಗ್‌ನ ವೈದ್ಯ ಕಾರೆಲ್ ಲೆವಿಟ್ ಔಷಧವಿಲ್ಲದ ಬರಿಯ ಸೂಜಿಯಿಂದಲೂ ನೋವು ಇಳಿಯುತ್ತದೆ ಎಂದು ಬರೆದರು. 241 ರೋಗಿಗಳ 312 ನೋವಿನ ಜಾಗಗಳ ವಿವರ ಅದರಲ್ಲಿತ್ತು. ಹೋಲಿಕೆಗೆ ಬೇರೆ ಗುಂಪು ಇರಲಿಲ್ಲವಾದ್ದರಿಂದ ಅದನ್ನು ಸಾಕ್ಷ್ಯವೆಂದು ಹೆಚ್ಚು ಎಳೆಯಬಾರದು. ಆದರೆ ಅವರು ಗಮನಿಸಿದ ಒಂದು ಮಾತು ಇಂದಿಗೂ ಕೈಗೆ ಬರುತ್ತದೆ: ಅತಿ ಹೆಚ್ಚು ನೋಯುವ ಬಿಂದುವಿಗೆ ಸೂಜಿ ಎಷ್ಟು ನಿಖರವಾಗಿ ತಾಗಿತು ಎಂಬುದರ ಮೇಲೆ ಫಲ ನಿಂತಿತ್ತು.

ಗಂಟಿನೊಳಗೆ

ಗಂಟಿನ ಬಗ್ಗೆ ಚಾಲ್ತಿಯಲ್ಲಿರುವ ವಿವರಣೆ ಹೀಗಿದೆ. ನರ ಬಂದು ಸ್ನಾಯುವಿಗೆ ಕೂಡುವ ಜಾಗದಲ್ಲಿ ಅಸೆಟೈಲ್‌ಕೋಲಿನ್ ಎಂಬ ರಾಸಾಯನಿಕ ಬೇಕಾದದ್ದಕ್ಕಿಂತ ಹೆಚ್ಚು ಸೋರುತ್ತದೆ. ಆ ತುಣುಕಿನ ಸ್ನಾಯು ಎಳೆಗಳು ಸಂಕುಚಿತಗೊಂಡೇ ಉಳಿಯುತ್ತವೆ, ತಮ್ಮನ್ನು ತಾವೇ ಹಿಂಡಿಕೊಂಡು ರಕ್ತದ ಹರಿವನ್ನು ತಡೆಯುತ್ತವೆ. ಸಡಿಲಗೊಳ್ಳುವುದಕ್ಕೂ ಶಕ್ತಿ ಬೇಕು. ರಕ್ತ ಬಾರದೆ ಶಕ್ತಿ ಸಿಗದು. ಶಕ್ತಿಯಿಲ್ಲದೆ ಹಿಡಿತ ಬಿಡದು. ಜೇ ಶಾ ಮತ್ತು ಸಂಗಡಿಗರು 2005ರಲ್ಲಿ ಟ್ರಪೀಜಿಯಸ್ ಸ್ನಾಯುವಿನ (ಮೊದಲು ಬೆರಳಲ್ಲಿ ಹಿಡಿದು ನೋಡಿದ ಕತ್ತು-ಹೆಗಲಿನ ಮಡಿಕೆ ಇದರದೇ) ಗಂಟಿನೊಳಗೆ ಕೂದಲೆಳೆಯಷ್ಟು ಸಣ್ಣ ಕೊಳವೆಗಳಿದ್ದ ಸೂಜಿಯನ್ನು ಇಳಿಸಿ ಅಲ್ಲಿನ ದ್ರವವನ್ನೇ ಹೊರತೆಗೆದು ಪರೀಕ್ಷಿಸಿದರು. ನೋಯುತ್ತಿದ್ದ ಗಂಟಿನ ಸುತ್ತ ಆಮ್ಲೀಯತೆ ಹೆಚ್ಚಿತ್ತು; ಬ್ರಾಡಿಕೈನಿನ್, ಸಬ್‌ಸ್ಟೆನ್ಸ್ ಪಿ ಥರದ ನೋವಿನ ರಾಸಾಯನಿಕಗಳೂ ಹೆಚ್ಚಿದ್ದವು.

ಈ ವಿವರಣೆ ಪೂರ್ತಿ ಇತ್ಯರ್ಥವಾಗಿಲ್ಲ. ಗಂಟು ಎಂಬ ಕಲ್ಪನೆಯನ್ನೇ ಪ್ರಶ್ನಿಸುವ ಗಂಭೀರ ಸಂಶೋಧಕರಿದ್ದಾರೆ. ಒಬ್ಬರು ಬೆರಳಿಟ್ಟು ಗುರುತಿಸಿದ ಬಿಂದುವನ್ನು ಇನ್ನೊಬ್ಬರು ಅಲ್ಲೇ ಗುರುತಿಸುವುದಿಲ್ಲ ಎಂಬ ದೂರಿನಲ್ಲಿ ಹುರುಳಿದೆ. ಹೀಗಾಗಿ ಒಂದೇ ಲಕ್ಷಣ ನಂಬಿ ಸೂಜಿ ಎತ್ತಬಾರದು. ಬಿಗಿದ ಹುರಿ, ಅದರ ಮೇಲೆ ವಿಪರೀತ ನೋಯುವ ಬಿಂದು, ಒತ್ತಿದಾಗ ದೂರಕ್ಕೆ ಹರಿಯುವ ನೋವು, ಈ ಮೂರರಲ್ಲಿ ಎರಡಾದರೂ ಇರಬೇಕು. ಒತ್ತಿದಾಗ ಎದ್ದ ನೋವು ರೋಗಿಗೆ ಪರಿಚಿತ ನೋವೇ ಆಗಿರಬೇಕು ಎಂಬುದು ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ. ಒತ್ತಿದರೆ ನೋಯುವ ಜಾಗ ಎಲ್ಲರ ಹೆಗಲಲ್ಲೂ ಸಿಗುತ್ತದೆ, ಅದೆಲ್ಲ ಕಾಯಿಲೆಯಲ್ಲ.

ಕತ್ತುನೋವಿನಲ್ಲಿ ಪದೇಪದೇ ಸಿಗುವ ಸ್ನಾಯುಗಳು ಕೆಲವೇ. ಮೇಲಿನ ಟ್ರಪೀಜಿಯಸ್ ನೋವನ್ನು ಕತ್ತಿನ ಪಕ್ಕದಿಂದ ಹಣೆಯ ಪಕ್ಕಕ್ಕೆ ಕಳಿಸುತ್ತದೆ. ಕತ್ತಿನಿಂದ ಹೆಗಲಮೂಳೆಗೆ ಇಳಿಯುವ ಲೆವೇಟರ್ ಸ್ಕ್ಯಾಪುಲೆ ಕತ್ತು-ಹೆಗಲಿನ ಮೂಲೆಯಲ್ಲೇ ನೋಯುತ್ತದೆ. ಕತ್ತು ಒಂದು ಕಡೆಗೆ ತಿರುಗುವುದೇ ಇಲ್ಲ, ಹಿಂದಿರುಗಿ ನೋಡಬೇಕೆಂದರೆ ಇಡೀ ಮೈ ತಿರುಗಿಸಬೇಕಾಗುತ್ತದೆ. ತಲೆಬುರುಡೆಯ ಬುಡದ ಪುಟ್ಟ ಸ್ನಾಯುಗಳ ನೋವು ತಲೆಯ ಒಳಗೇ ಪಟ್ಟಿಯಂತೆ ಹಬ್ಬುತ್ತದೆ. ಕತ್ತಿನ ಮುಂದೆ ಕಿವಿಯ ಹಿಂಭಾಗದಿಂದ ಎದೆಮೂಳೆಗೆ ಇಳಿಯುವ ಸ್ಟರ್ನೋಕ್ಲೈಡೋಮಾಸ್ಟಾಯ್ಡ್ ಹಣೆಗೂ ಕಿವಿಗೂ ನೋವು ಕಳಿಸುತ್ತದೆ. ಅದರ ಅಡಿಯಲ್ಲೇ ಕ್ಯಾರೊಟಿಡ್ ರಕ್ತನಾಳ ಹಾದುಹೋಗಿದೆ. ಅಲ್ಲಿ ಸೂಜಿಗೆ ಕರೆಂಟು ಜೋಡಿಸುವ ಪ್ರಶ್ನೆಯೇ ಏಳಬಾರದು.

ಸೂಜಿ ಇಳಿಸುವುದು

ಮೇಲಿನ ಟ್ರಪೀಜಿಯಸ್‌ನ ಕ್ರಮವನ್ನು ವಿವರವಾಗಿ ಹೇಳುತ್ತೇನೆ. ಇದನ್ನು ಓದಿ ಯಾರೂ ಮನೆಯಲ್ಲಿ ಮಾಡಿಕೊಳ್ಳಬಾರದು. ತರಬೇತಿ ಪಡೆದವರ ಕೈಯಲ್ಲಿ ಮಲಗಿದಾಗ ಏನು ನಡೆಯುತ್ತಿದೆ, ಸರಿಯಾಗಿ ನಡೆಯುತ್ತಿದೆಯೇ ಎಂದು ತಿಳಿಯಲು ಇದು ಬೇಕು.

ಮಲಗಿಸಿಯೇ ಮಾಡಬೇಕು. ಕೂತವರಿಗೆ ಸೂಜಿ ತಾಗುತ್ತಲೇ ಬೆವರೊಡೆದು, ಮುಖ ಬಿಳಚಿ, ಕಣ್ಣು ಕತ್ತಲಿಟ್ಟು ಬೀಳುವ ಸಂಭವವಿದೆ. ಸೂಜಿ ಮೈಯಲ್ಲಿರುವಾಗ ಬಿದ್ದರೆ ಸೂಜಿ ಬಾಗಬಹುದು, ಬೇಡದ ಕಡೆ ಹೊಗಬಹುದು. ಬೋರಲು ಮಲಗಿಸಿ, ತೋಳನ್ನು ಸಡಿಲವಾಗಿ ಬಿಟ್ಟು, ಚರ್ಮವನ್ನು 70 ಪ್ರತಿಶತ ಆಲ್ಕೋಹಾಲಿನಿಂದ ಒರೆಸಿ, ಅದು ಒಣಗುವವರೆಗೆ ಕಾಯಬೇಕು. ಹಸಿಯಿರುವಾಗಲೇ ಚುಚ್ಚಿದರೆ ಉರಿಯುತ್ತದೆ, ಕ್ರಿಮಿಗಳನ್ನು ಕೊಲ್ಲುವ ಕೆಲಸವೂ ಅರ್ಧಕ್ಕೇ ನಿಂತಿರುತ್ತದೆ.

ಸೂಜಿ 0.25ರಿಂದ 0.30 ಮಿ.ಮೀ. ದಪ್ಪ, 30 ಅಥವಾ 40 ಮಿ.ಮೀ. ಉದ್ದದ್ದು. ಇಂಜೆಕ್ಷನ್ ಸೂಜಿಯಂತೆ ಟೊಳ್ಳಲ್ಲ, ಗಟ್ಟಿ ಉಕ್ಕಿನ ಎಳೆ. ಇದಕ್ಕಿಂತ ತೆಳುವಾದರೆ ಬಿಗಿದ ಹುರಿಗೆ ತಾಗಿದಾಗ ಬಾಗುತ್ತದೆ. ತುದಿಯಲ್ಲಿ ಏನಿದೆ ಎಂಬ ಸುಳಿವು ಬೆರಳಿಗೆ ಬರುವುದಿಲ್ಲ. ಹಿಡಿ ಲೋಹದ್ದಿರಬೇಕು. ಪ್ಲಾಸ್ಟಿಕ್ ಹಿಡಿಯ ಮೇಲೆ ತಂತಿಯ ಕ್ಲಿಪ್ ಹಾಕಿ "ಕರೆಂಟೇ ಬರುತ್ತಿಲ್ಲ" ಎಂದು ಯಂತ್ರದ ಗುಂಡಿ ತಿರುಗಿಸುತ್ತ ಹೋಗುವುದು ಹೊಸಬರು ಮಾಡುವ ತಪ್ಪು. ಕ್ಲಿಪ್ ಜಾರಿ ಲೋಹಕ್ಕೆ ತಾಗಿದ ಕ್ಷಣ ಏರಿಸಿಟ್ಟ ಕರೆಂಟೆಲ್ಲ ಒಮ್ಮೆಲೇ ನುಗ್ಗುತ್ತದೆ.

ಇನ್ನು ಎಡಗೈಯ ಕೆಲಸ. ಹೆಬ್ಬೆರಳು ಮುಂದೆ, ಉಳಿದೆರಡು ಬೆರಳು ಹಿಂದೆ ಬರುವಂತೆ ಮಾಂಸದ ಮಡಿಕೆಯನ್ನು ಹಿಡಿದು ಎದೆಗೂಡಿನಿಂದ ದೂರಕ್ಕೆ ಎತ್ತಬೇಕು. ಆ ಹಿಡಿತ ಸೂಜಿ ಹೊರಬರುವವರೆಗೂ ಬಿಡಬಾರದು. ಕಾರಣ ಅದರ ಕೆಳಗಿರುವುದು ಶ್ವಾಸಕೋಶದ ತುದಿ. ಕಾಲರ್ ಮೂಳೆಯ ಒಳಭಾಗಕ್ಕಿಂತ ಅದು ಎರಡು-ಮೂರು ಸೆಂ.ಮೀ. ಮೇಲಕ್ಕೆ, ಕತ್ತಿನ ಬುಡದವರೆಗೆ ಬಂದಿರುತ್ತದೆ ಎಂಬುದು ಬಹಳ ಜನರ ಊಹೆಗೇ ಬರುವುದಿಲ್ಲ. ಸೂಜಿಯ ದಿಕ್ಕು ಯಾವಾಗಲೂ ಹಿಡಿದ ಬೆರಳುಗಳ ಕಡೆಗೆ, ಮಡಿಕೆಯ ಒಂದು ಬದಿಯಿಂದ ಇನ್ನೊಂದು ಬದಿಗೆ. ಕೆಳಗೆ ಎದೆಯ ಕಡೆಗೆ ಎಂದಿಗೂ ಅಲ್ಲ. ಎದುರು ಬದಿಯ ಬೆರಳಿಗೆ ಸೂಜಿಯ ತುದಿ ಹತ್ತಿರ ಬಂದದ್ದು ತಿಳಿಯಬೇಕು; ತುದಿ ಎಲ್ಲಿದೆ ಎಂಬುದಕ್ಕೆ ಬೇರೆ ಸಾಕ್ಷಿಯಿಲ್ಲ. ತೆಳ್ಳಗಿನವರಲ್ಲಿ ಈ ಮಡಿಕೆ ಬಹಳ ಚಿಕ್ಕದು, ಅಲ್ಲಿ 40 ಮಿ.ಮೀ. ಸೂಜಿ ಅನಗತ್ಯ.

ಸೂಜಿಗೆ ದಾರಿ ತೋರುವ ಸಣ್ಣ ಕೊಳವೆಯ ಮೂಲಕ ಒಂದು ಪುಟ್ಟ ತಟ್ಟು, ಸೂಜಿ ಚರ್ಮ ದಾಟುತ್ತದೆ. ಇದು ಹೆಚ್ಚು ನೋಯುವುದಿಲ್ಲ. 10ರಿಂದ 20 ಮಿ.ಮೀ. ಒಳಗೆ ಹೋಗುತ್ತಿದ್ದಂತೆ ಮೆತ್ತಗಿದ್ದ ಮಾಂಸ ಇದ್ದಕ್ಕಿದ್ದಂತೆ ಗಟ್ಟಿಯಾದಂತೆ ತೋರುತ್ತದೆ. ಅಲ್ಲಿ ಸೂಜಿಯನ್ನು ಸ್ವಲ್ಪ ಹಿಂದೆಳೆದು ಕೋನ ಬದಲಿಸಿ ಮತ್ತೆ ಇಳಿಸಿದಾಗ, ಗಂಟಿಗೆ ಸರಿಯಾಗಿ ತಾಗಿದ್ದರೆ, ಹುರಿ ಒಮ್ಮೆ ಮೀನು ಹೊರಳಿದಂತೆ ಮಿಡುಕುತ್ತದೆ. ಹಿಡಿದ ಬೆರಳಿಗೆ ಅದು ತಿಳಿಯುತ್ತದೆ, ಕೆಲವೊಮ್ಮೆ ಕಣ್ಣಿಗೂ ಕಾಣುತ್ತದೆ. ರೋಗಿಗೆ ಕಾಲು ಸೆಕೆಂಡಿನ ಹಿಡಿತದಂಥ ನೋವು, ಹಿಂದೆಯೇ ಸಡಿಲವಾದ ಭಾವ. ಈ ಮಿಡುಕಿಗೆ 1990ರ ದಶಕದಿಂದ ಬಹಳ ಬೆಲೆ ಕೊಟ್ಟಿದ್ದಾರೆ. ಜಾಗ ಸಿಕ್ಕಿದೆ ಎಂಬುದಕ್ಕೆ ಇದು ಒಳ್ಳೆಯ ಗುರುತು, ನಿಜ. ಆದರೆ ಇಪ್ಪತ್ತು ಮಿಡುಕು ಎಬ್ಬಿಸಿದರೆ ಇಪ್ಪತ್ತು ಪಟ್ಟು ಲಾಭವಾಗುವುದಿಲ್ಲ. ಹಾಗೆ ಕುಕ್ಕಿದ ಮಾಂಸ ಮರುದಿನ ಪೆಟ್ಟು ತಿಂದಂತೆ ನೋಯುತ್ತದೆ. ಕರೆಂಟು ಕೊಡುವ ವಿಧಾನದಲ್ಲಿ ನನಗೆ ಹಿಡಿಸಿದ ಅಂಶ ಇದೇ: ಸೂಜಿಯನ್ನು ಮೇಲೆ ಕೆಳಗೆ ಆಡಿಸುವ ಕೆಲಸ ಕಡಿಮೆಯಾಗುತ್ತದೆ. ಸೂಜಿ ಸುಮ್ಮನಿರುತ್ತದೆ, ಸ್ನಾಯು ಅದರ ಸುತ್ತ ತಾನೇ ಮಿಡಿಯುತ್ತದೆ.

ಗುಂಡಿ ತಿರುಗಿಸುವ ಮುನ್ನ

ತಟ್ಟು ತಟ್ಟಾಗಿ ಬರುವ ಮಿಡಿತದ ಕರೆಂಟಿಗೆ ಎರಡು ಸೂಜಿ ಬೇಕು, ಒಂದರಿಂದ ಹೊರಟ ಕರೆಂಟು ಇನ್ನೊಂದಕ್ಕೆ ಮರಳಬೇಕು. ಒಂದು ಗಂಟಿನಲ್ಲಿ, ಇನ್ನೊಂದು ಅದೇ ಹುರಿಯಲ್ಲಿ ಎರಡು-ಮೂರು ಸೆಂ.ಮೀ. ದೂರದಲ್ಲಿ. ಒಳಗಿನ ತುದಿಗಳಾಗಲಿ ಹೊರಗಿನ ಹಿಡಿಗಳಾಗಲಿ ಒಂದಕ್ಕೊಂದು ತಾಗಿದರೆ ಕರೆಂಟು ಸುಲಭದ ಲೋಹದ ದಾರಿ ಹಿಡಿದು ಹೊರಟುಹೋಗುತ್ತದೆ, ಸ್ನಾಯುವಿಗೆ ಏನೂ ಸಿಗುವುದಿಲ್ಲ. ಎರಡೂ ಸೂಜಿ ದೇಹದ ಒಂದೇ ಬದಿಯಲ್ಲಿರಬೇಕು. ಎಡ ಹೆಗಲಿನಿಂದ ಬಲ ಹೆಗಲಿಗೆ, ಬೆನ್ನಿನಿಂದ ಎದೆಗೆ, ಕತ್ತಿನ ಮುಂಭಾಗಕ್ಕೆ ಕರೆಂಟು ಹಾಯಿಸುವಂತಿಲ್ಲ.

ಕ್ಲಿಪ್‌ನ ಭಾರ ಸೂಜಿಯನ್ನು ಬಗ್ಗಿಸುತ್ತದೆ. ತಂತಿಯನ್ನು ಚರ್ಮಕ್ಕೆ ಟೇಪ್ ಹಚ್ಚಿ ನಿಲ್ಲಿಸಿದರೆ ಈ ತೊಂದರೆಯಿಲ್ಲ. ಕ್ಲಿಪ್ ತಾಗಿದ ಭಾಗ ಈಗ ಸ್ವಚ್ಛವಲ್ಲ, ಆದ್ದರಿಂದ ಕ್ಲಿಪ್ ಹಾಕಿದ ಮೇಲೆ ಸೂಜಿಯನ್ನು ಇನ್ನಷ್ಟು ಒಳಗೆ ತಳ್ಳಬಾರದು. ಆಳ ಸಾಲದಿದ್ದರೆ ತೆಗೆದು ಹೊಸ ಸೂಜಿ ಹಾಕುವುದೇ ಸರಿ.

ಯಂತ್ರದ ಕರೆಂಟಿನ ಗುಂಡಿ ಸೊನ್ನೆಯಲ್ಲಿದೆಯೇ ಎಂದು ನೋಡಿಕೊಂಡು ಆಮೇಲೆ ಚಾಲೂ ಮಾಡಬೇಕು. ಮಿಡಿತದ ಅಗಲ, ಅಂದರೆ ಒಂದೊಂದು ತಟ್ಟು ಇರುವ ಹೊತ್ತು, 200ರಿಂದ 300 ಮೈಕ್ರೋಸೆಕೆಂಡ್. ವೇಗ ಸಾಮಾನ್ಯವಾಗಿ 2ರಿಂದ 4 ಹರ್ಟ್ಜ್, ಅಂದರೆ ಸೆಕೆಂಡಿಗೆ ಎರಡರಿಂದ ನಾಲ್ಕು ತಟ್ಟು. ಆಮೇಲೆ ಗುಂಡಿಯನ್ನು 0.1, 0.2 ಮಿಲಿಆಂಪಿಯರ್‌ನಷ್ಟೇ ಏರಿಸುತ್ತ ಹೋಗಬೇಕು. ಮೊದಲು ಏನೂ ಇಲ್ಲ. ನಂತರ ಒಳಗಿನಿಂದ ಯಾರೋ ಬೆರಳ ತುದಿಯಲ್ಲಿ ತಟ್ಟಿದಂತೆ. ಇನ್ನೂ ಸ್ವಲ್ಪ ಏರಿಸಿದರೆ ಸೂಜಿಯ ಹಿಡಿ ತಾಳಕ್ಕೆ ತಕ್ಕಂತೆ ತಲೆಯಾಡಿಸತೊಡಗುತ್ತದೆ, ಚರ್ಮದ ಮೇಲೆ ಪುಟ್ಟ ಅಲೆ ಕಾಣುತ್ತದೆ. ಅಲ್ಲಿ ನಿಲ್ಲಿಸಬೇಕು. ಬಲವಾಗಿರಲಿ, ಆದರೆ ಹಾಯಾಗಿರಲಿ. ಹಲ್ಲು ಕಚ್ಚಿ ತಡೆದುಕೊಂಡರೆ ಹೆಚ್ಚು ಫಲ ಎಂಬುದು ತಪ್ಪು ಕಲ್ಪನೆ. ನೋವಿಗೆ ಹೆದರಿದ ಸ್ನಾಯು ಇನ್ನಷ್ಟು ಬಿಗಿಯುತ್ತದೆ.

10ರಿಂದ 20 ನಿಮಿಷ ಸಾಕು. ಮೂರು-ನಾಲ್ಕು ನಿಮಿಷದಲ್ಲಿ ನರಗಳಿಗೆ ರೂಢಿಯಾಗಿ ತಟ್ಟು ಮಂಕಾಗುತ್ತದೆ, ಆಗ ಒಂದು ಹೆಜ್ಜೆ ಏರಿಸಬಹುದು. ಒಬ್ಬರನ್ನೇ ಕೋಣೆಯಲ್ಲಿ ಬಿಟ್ಟು ಹೋಗಬಾರದು.

ಏನಾದರೂ ತಪ್ಪಿದ್ದರೆ ಮೈಯೇ ಹೇಳುತ್ತದೆ. ತಟ್ಟಿನ ಬದಲು ಚುರುಚುರು ಉರಿಯಾದರೆ ಸೂಜಿ ಚರ್ಮದ ಪದರದಲ್ಲೇ ಉಳಿದಿದೆ, ಸ್ನಾಯುವಿಗೆ ಇಳಿದಿಲ್ಲ. ಇಡೀ ಹೆಗಲು ಜಿಗಿದರೆ ಟ್ರಪೀಜಿಯಸ್‌ಗೆ ಹೋಗುವ ನರಕ್ಕೇ ಕರೆಂಟು ತಾಗುತ್ತಿದೆ. ತಗ್ಗಿಸಬೇಕು, ಇಲ್ಲವೇ ಸೂಜಿಯ ಜಾಗ ಬದಲಿಸಬೇಕು, ಯಾಕೆಂದರೆ ಅಷ್ಟು ಬಲದ ಸಂಕೋಚನ ಸೂಜಿಯನ್ನು ಬಗ್ಗಿಸುತ್ತದೆ. ಕೈಬೆರಳು ಕುಣಿದರೆ ಅಥವಾ ತೋಳಿನುದ್ದಕ್ಕೂ ಮಿಂಚು ಹರಿದಂತಾದರೆ ತೋಳಿನ ನರಜಾಲ ಹತ್ತಿರದಲ್ಲಿದೆ: ಕೂಡಲೇ ಸೊನ್ನೆಗೆ ತಂದು ಸೂಜಿ ತೆಗೆಯಬೇಕು. ಸೂಜಿ ಹೊರಬಾರದೆ ಸಿಕ್ಕಿಕೊಂಡರೆ ಎಳೆದಾಡಬಾರದು. ಸ್ನಾಯು ಅದನ್ನು ಹಿಡಿದಿದೆ ಅಷ್ಟೇ. ಒಂದೆರಡು ನಿಮಿಷ ಬಿಟ್ಟು, ಸುತ್ತಲಿನ ಚರ್ಮವನ್ನು ಮೆಲ್ಲಗೆ ತಟ್ಟಿದರೆ ತಾನೇ ಸಡಿಲವಾಗುತ್ತದೆ.

ಮುಗಿಸುವಾಗಲೂ ಕ್ರಮವಿದೆ. ಮೊದಲು ಗುಂಡಿ ಸೊನ್ನೆಗೆ, ಆಮೇಲೆ ಯಂತ್ರ ಬಂದ್, ಆಮೇಲೆ ಕ್ಲಿಪ್, ಕೊನೆಗೆ ಸೂಜಿ. ತೆಗೆದ ಜಾಗವನ್ನು ಹತ್ತಿಯಿಂದ ಅರ್ಧ ನಿಮಿಷ ಒತ್ತಿ ಹಿಡಿದರೆ ಕಂದುಗಟ್ಟುವುದು ಕಡಿಮೆ. ಹಾಕಿದ ಸೂಜಿಗಳೆಷ್ಟು, ತೆಗೆದವೆಷ್ಟು ಎಂದು ಎಣಿಸಿ ಗಟ್ಟಿ ಡಬ್ಬಕ್ಕೆ ಹಾಕಬೇಕು. ಒಬ್ಬರಿಗೆ ಬಳಸಿದ ಸೂಜಿ ಅದೇ ವ್ಯಕ್ತಿಗೂ ಎರಡನೇ ಸಲ ಬೇಡ.

ಎರಡು ಬಗೆಯ ಕರೆಂಟು

ಬಹಳ ಜನ, ಕೆಲವೊಮ್ಮೆ ಚಿಕಿತ್ಸೆ ಕೊಡುವವರೂ, ಕಲಸಿಬಿಡುವ ವಿಷಯ ಇದು. ಸೂಜಿಯಲ್ಲಿ ಹರಿಸುವ ಕರೆಂಟು ಎರಡು ಜಾತಿಯದು. ಎರಡೂ ಮಾಡುವ ಕೆಲಸ ಬೇರೆ.

ಮೇಲೆ ಹೇಳಿದ್ದು ಮಿಡಿತದ ಕರೆಂಟು. ಅದರ ಪ್ರತಿ ತಟ್ಟಿನಲ್ಲಿ ಮುಂದಕ್ಕೆ ಹೋದಷ್ಟೇ ವಿದ್ಯುದಾವೇಶ ಹಿಂದಕ್ಕೂ ಬರುತ್ತದೆ. 2 ಮಿಲಿಆಂಪಿಯರ್‌ನ 250 ಮೈಕ್ರೋಸೆಕೆಂಡ್ ತಟ್ಟು ಎಂದರೆ ಅರ್ಧ ಮೈಕ್ರೋಕೂಲಂಬ್. ಅದು ಹೋಗಿ ಮರಳಿದರೆ ಲೆಕ್ಕ ಸೊನ್ನೆ. ಅಂಗಾಂಶದಲ್ಲಿ ರಾಸಾಯನಿಕವಾಗಿ ಏನೂ ಉಳಿಯುವುದಿಲ್ಲ, ನರಗಳಿಗೆ ಸಂದೇಶ ಮಾತ್ರ ಹೋಗಿರುತ್ತದೆ. ಆ ಸಂದೇಶ ನೋವನ್ನು ಹೇಗೆ ತಡೆಯುತ್ತದೆ? 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಮುಂದಿಟ್ಟ ವಿವರಣೆಯಂತೆ, ಸ್ಪರ್ಶದ ದಪ್ಪ ನರಗಳು ಚುರುಕಾದರೆ ಬೆನ್ನುಹುರಿಯಲ್ಲಿ ನೋವಿನ ಬಾಗಿಲು ಕಿರಿದಾಗುತ್ತದೆ. ಪೆಟ್ಟು ಬಿದ್ದ ಜಾಗವನ್ನು ನಾವು ಯೋಚಿಸದೆಯೇ ಉಜ್ಜಿಕೊಳ್ಳುವುದೂ ಇದಕ್ಕೇ. ಅದರ ಮೇಲೆ ದೇಹ ತನ್ನದೇ ನೋವುನಿವಾರಕಗಳನ್ನೂ ಬಿಡುತ್ತದೆ. ನಿಧಾನದ 2 ಹರ್ಟ್ಜ್‌ಗೆ ಎಂಡಾರ್ಫಿನ್ ಮತ್ತು ಎನ್ಕೆಫಲಿನ್, ವೇಗದ 100 ಹರ್ಟ್ಜ್‌ಗೆ ಡೈನಾರ್ಫಿನ್ ಎಂದು ಚೀನಾದ ಹಾನ್ ಜಿಶೆಂಗ್ ಅವರ ತಂಡ ದಶಕಗಳ ಕಾಲ ಕೆಲಸ ಮಾಡಿ ತೋರಿಸಿತು. ಕೆಲವು ಯಂತ್ರಗಳು ಎರಡು ವೇಗಗಳನ್ನು ಕೆಲ ಸೆಕೆಂಡಿಗೊಮ್ಮೆ ಅದಲುಬದಲು ಮಾಡುವುದು ಇದಕ್ಕಾಗಿ.

ಎರಡನೆಯದು ಗ್ಯಾಲ್ವನಿಕ್ ಕರೆಂಟು. ಅದು ಒಂದೇ ದಿಕ್ಕಿಗೆ ಹರಿಯುತ್ತದೆ, ಮರಳುವುದಿಲ್ಲ. ದೇಹದೊಳಗಿನ ಉಪ್ಪುನೀರನ್ನು ಅದು ಒಡೆಯುತ್ತದೆ. ಋಣ ತುದಿಯಲ್ಲಿ ಹೈಡ್ರೋಜನ್ ಗುಳ್ಳೆ ಮತ್ತು ಕ್ಷಾರ, ಧನ ತುದಿಯಲ್ಲಿ ಆಮ್ಲ. ಹಳೆಯ ಸ್ನಾಯುರಜ್ಜು ನೋವಿಗೆ ಸ್ಪೇನ್‌ನ ಫಿಸಿಯೋಥೆರಪಿಸ್ಟರು ಬೆಳೆಸಿದ ಈ ವಿಧಾನವನ್ನು ಈಗ ಗಂಟುಗಳಿಗೂ ಬಳಸುತ್ತಾರೆ. ಇಲ್ಲಿ ಡೋಸ್ ಎಂದರೆ ಮಿಲಿಆಂಪಿಯರ್ ಗುಣಿಸು ಸೆಕೆಂಡು. 3 ಮಿಲಿಆಂಪಿಯರ್ 3 ಸೆಕೆಂಡು ಕೊಟ್ಟರೆ 9 ಮಿಲಿಕೂಲಂಬ್. ಫ್ಯಾರಡೆಯ ನಿಯಮದಂತೆ ಅದರಿಂದ ಹುಟ್ಟುವ ಕಾಸ್ಟಿಕ್ ಸೋಡಾ ಸುಮಾರು 3.7 ಮೈಕ್ರೋಗ್ರಾಂ. ಕಣ್ಣಿಗೆ ಕಾಣದಷ್ಟು ಕಡಿಮೆ, ಆದರೆ ಅಷ್ಟೂ ಸೂಜಿಯ ಮೈಗೆ ಅಂಟಿಕೊಂಡ ಅತಿ ತೆಳುವಾದ ಪದರದಲ್ಲೇ ಹುಟ್ಟುತ್ತದೆ. 0.3 ಮಿಲಿಆಂಪಿಯರ್ 90 ಸೆಕೆಂಡು ಕೊಟ್ಟರೆ 27 ಮಿಲಿಕೂಲಂಬ್. ಕರೆಂಟು ಹತ್ತನೇ ಒಂದಾದರೂ ಒಟ್ಟು ಡೋಸ್ ಮೂರು ಪಟ್ಟು. "ಕಡಿಮೆ ಕರೆಂಟು" ಎಂಬ ಮಾತನ್ನು ಕೇಳಿ ನಿರಾಳವಾಗುವ ಮೊದಲು ಎಷ್ಟು ಹೊತ್ತು ಎಂದೂ ಕೇಳಬೇಕು.

ಈ ವಿಧಾನದಲ್ಲಿ ಸೂಜಿ ಯಾವಾಗಲೂ ಋಣ ತುದಿ. ಧನ ತುದಿ ಚರ್ಮದ ಮೇಲಿನ ಅಗಲವಾದ ಒದ್ದೆ ಪ್ಯಾಡ್. ತಂತಿ ಅದಲುಬದಲಾದರೆ ಧನ ತುದಿಯಾದ ಸೂಜಿಯ ಉಕ್ಕೇ ಕರಗತೊಡಗುತ್ತದೆ. ಕಬ್ಬಿಣ, ಕ್ರೋಮಿಯಂ, ನಿಕಲ್ ಅಯಾನುಗಳು ಮಾಂಸಕ್ಕೆ ಸೇರುತ್ತವೆ, ಸೂಜಿಯ ಮೈಯಲ್ಲಿ ಕುಳಿ ಬಿದ್ದು ಅದು ಮುರಿಯಲೂಬಹುದು. ಮಿಡಿತದ ಯಂತ್ರ ಅಗ್ಗದ್ದಾಗಿ ಮುಂದಿನ ಅಲೆಗೂ ಹಿಂದಿನ ಅಲೆಗೂ ಸರಿಸಮ ಇಲ್ಲದಿದ್ದರೆ ಇದೇ ಹಾನಿ ಗೊತ್ತಾಗದಂತೆ, ನಿಧಾನವಾಗಿ, ಇಪ್ಪತ್ತು ನಿಮಿಷ ನಡೆಯುತ್ತದೆ. ಚರ್ಮದ ಪ್ಯಾಡಿಗೆಂದು ಮಾಡಿದ ಟೆನ್ಸ್ ಯಂತ್ರದ ತಂತಿಯನ್ನು ಸೂಜಿಗೆ ಸಿಕ್ಕಿಸಬಾರದು ಎನ್ನುವುದು ಇದಕ್ಕೇ. ಅದರ ಗುಂಡಿಯ ಒಂದೊಂದು ಹೆಜ್ಜೆಯೂ ಸೂಜಿಗೆ ವಿಪರೀತ ದೊಡ್ಡದು.

ಯಾರಿಗೆ ಬೇಡ

ಪೇಸ್‌ಮೇಕರ್ ಅಥವಾ ಎದೆಯಲ್ಲಿ ಡಿಫಿಬ್ರಿಲೇಟರ್ ಇದ್ದವರಿಗೆ ಬೇಡವೇ ಬೇಡ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು, ಅಪಸ್ಮಾರ ಇರುವವರು, ನಿಕಲ್ ಅಲರ್ಜಿಯವರು ಮೊದಲೇ ಹೇಳಬೇಕು. ಸೂಜಿಯ ಭಯ ತೀವ್ರವಾಗಿದ್ದರೆ ಒತ್ತಾಯ ಮಾಡಬಾರದು. ಕೈಯಿಂದ ಒತ್ತುವುದು, ಶಾಖ, ವ್ಯಾಯಾಮಗಳಿವೆ.

ಇದಕ್ಕಿಂತ ದೊಡ್ಡ ಪ್ರಶ್ನೆ, ನೋವು ನಿಜವಾಗಿಯೂ ಸ್ನಾಯುವಿನದೇ ಎಂಬುದು. ಅಂಗಿಯ ಗುಂಡಿ ಹಾಕುವಾಗ ಬೆರಳು ತಡವರಿಸುತ್ತಿದ್ದರೆ, ನಡಿಗೆ ತಪ್ಪುತ್ತಿದ್ದರೆ ಬೆನ್ನುಹುರಿ ಒತ್ತಿಕೊಂಡಿರಬಹುದು. ಹಿಂದೆಂದೂ ಕಾಣದಂಥ ಕತ್ತುನೋವು ಹಠಾತ್ತಾಗಿ ಬಂದು, ಜೊತೆಗೆ ದೃಷ್ಟಿ ಎರಡಾಗುವುದು, ಮಾತು ತೊದಲುವುದು, ನುಂಗಲು ಕಷ್ಟವಾಗುವುದು ಕಂಡರೆ ಕತ್ತಿನ ರಕ್ತನಾಳ ಸೀಳಿರಬಹುದು. ಜ್ವರ, ಕಾರಣವಿಲ್ಲದ ತೂಕ ಇಳಿಕೆ, ಬಿದ್ದ ಪೆಟ್ಟು, ಹಿಂದೆ ಕ್ಯಾನ್ಸರ್ ಬಂದಿದ್ದ ಚರಿತ್ರೆ, ನಡೆದಾಗ ಏರುವ ಎಡ ಹೆಗಲು-ದವಡೆಯ ನೋವು, ಇವುಗಳಲ್ಲಿ ಯಾವುದಿದ್ದರೂ ಸೂಜಿ ಪಕ್ಕಕ್ಕಿಟ್ಟು ಮೊದಲು ವೈದ್ಯರಲ್ಲಿಗೆ ಹೋಗಬೇಕು. ಇಂಥವರ ಹೆಗಲಲ್ಲೂ ಒತ್ತಿದರೆ ಗಂಟು ಸಿಗುತ್ತದೆ, ಸೂಜಿ ಹಾಕಿದರೆ ಎರಡು ದಿನ ಹಗುರವೂ ಆಗುತ್ತದೆ. ಅಪಾಯ ಇರುವುದು ಆ ಎರಡು ದಿನಗಳಲ್ಲೇ.

ಆಮೇಲಿನ ಗಂಟೆಗಳು

ಒಂದೆರಡು ದಿನ, ಕೆಲವರಿಗೆ ಮೂರು ದಿನ, ವ್ಯಾಯಾಮ ಮಾಡಿದ ಮರುದಿನದಂಥ ನೋವಿರುತ್ತದೆ. ಶಾಖ ಕೊಡಬಹುದು, ಕೆಲಸ ಮಾಡಬಹುದು, ಅವತ್ತು ಭಾರ ಎತ್ತುವುದು ಬೇಡ. ಆದರೆ ಉಸಿರು ಕಟ್ಟಿದಂತಾದರೆ, ಉಸಿರೆಳೆದಾಗ ಎದೆ ಚುಚ್ಚಿದರೆ, ಒಣಕೆಮ್ಮು ಶುರುವಾದರೆ ಕಾಯಬಾರದು. ಶ್ವಾಸಕೋಶಕ್ಕೆ ತೂತು ಬಿದ್ದು ಗಾಳಿ ಸೋರುತ್ತಿರಬಹುದು. ಇದು ಅಪರೂಪ, ಆದರೆ ಸೂಜಿ ತೆಗೆದ ಎಷ್ಟೋ ಗಂಟೆಗಳ ಮೇಲೂ ಕಾಣಿಸಿಕೊಳ್ಳಬಹುದು. ನೇರ ತುರ್ತು ಚಿಕಿತ್ಸೆಗೆ ಹೋಗಿ ಹೆಗಲಿಗೆ ಸೂಜಿ ಹಾಕಿಸಿಕೊಂಡದ್ದನ್ನು ಮೊದಲ ಮಾತಿನಲ್ಲೇ ಹೇಳಬೇಕು.

ಸೂಜಿಯಿಂದ ಸಿಗುವುದು ಏನು? ಅಧ್ಯಯನಗಳನ್ನು ಒಟ್ಟಾಗಿ ನೋಡಿದರೆ ಡ್ರೈ ನೀಡ್ಲಿಂಗ್, ಅಂದರೆ ಔಷಧವಿಲ್ಲದ ಬರಿಯ ಸೂಜಿ ಚುಚ್ಚುವುದು, ಕತ್ತುನೋವನ್ನು ಕೆಲ ದಿನ, ಕೆಲ ವಾರ ತಗ್ಗಿಸುತ್ತದೆ. ತಿಂಗಳುಗಳ ಲೆಕ್ಕದಲ್ಲಿ ಬೇರೆ ಚಿಕಿತ್ಸೆಗಳಿಗಿಂತ ಅದು ಮೇಲು ಎನ್ನಲು ಆಧಾರ ಸಾಲದು. ಕರೆಂಟು ಸೇರಿಸಿದರೆ ಹೆಚ್ಚುವರಿ ಲಾಭ ಇರಬಹುದು, ಆದರೆ ಅದನ್ನು ಹೇಳುವ ಪ್ರಯೋಗಗಳು ಚಿಕ್ಕವು. "ಕರೆಂಟು ಗಂಟನ್ನು ಕರಗಿಸಿಬಿಡುತ್ತದೆ" ಎಂದು ಯಾರಾದರೂ ಮಾತು ಕೊಟ್ಟರೆ ನಂಬಬೇಡಿ. ನೋವಿಲ್ಲದೆ ಕತ್ತು ಆಡಿಸಬಹುದಾದ ಕೆಲ ದಿನಗಳನ್ನು ಅದು ಕೊಡುತ್ತದೆ. ನೋವಿನಲ್ಲಿ ತಿಂಗಳುಗಟ್ಟಲೆ ಕಳೆದವರಿಗೆ ಆ ಕೆಲ ದಿನಗಳು ಸಣ್ಣ ಕೊಡುಗೆಯಲ್ಲ, ಸುಮ್ಮನೆ ಮಲಗಿ ಅವನ್ನು ಕಳೆದುಬಿಟ್ಟರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಅದೇ ದಿನದಿಂದ ಎರಡು ಗಂಟೆಗೊಮ್ಮೆ ಕತ್ತನ್ನು ಎರಡೂ ಕಡೆಗೆ ಆದಷ್ಟು ತಿರುಗಿಸಿ, ಹತ್ತು ಸಲ. ಅಂಗಾತ ಮಲಗಿ, ತಲೆ ಎತ್ತದೆ, ಗದ್ದವನ್ನು "ಹೂಂ" ಎಂದು ತಲೆಯಾಡಿಸುವಷ್ಟೇ ಒಳಗೆ ತಂದು 10 ಸೆಕೆಂಡು ಹಿಡಿಯುವುದು, ಇದೂ ಹತ್ತು ಸಲ. ಕತ್ತಿನ ಮುಂಭಾಗದ ಹೊರಸ್ನಾಯುಗಳು ಉಬ್ಬಿ ನಿಂತರೆ ಬಲ ಜಾಸ್ತಿಯಾಯಿತು ಎಂದರ್ಥ. ನೋವು ಇಳಿದ ಮೇಲೆ ಕೈಯಲ್ಲಿ ಹಗುರ ತೂಕ ಹಿಡಿದು ಹೆಗಲು ಮೇಲಕ್ಕೆತ್ತಿ ಇಳಿಸುವ ವ್ಯಾಯಾಮ, ವಾರಕ್ಕೆ ಮೂರು ದಿನ, ನಿಧಾನವಾಗಿ ತೂಕ ಏರಿಸುತ್ತ. ಸೋತ ಸ್ನಾಯು ಮತ್ತೆ ಬಿಗಿಯುತ್ತದೆ. ಅದಕ್ಕೆ ಬಲ ಬರುವುದು ಹೊರೆ ಹೊತ್ತೇ ಹೊರತು ಸೂಜಿಯಿಂದಲ್ಲ.

ವಾರಕ್ಕೊಂದರಂತೆ ಮೂರು ಸಲ ಮಾಡಿಸಿ, ಲೆಕ್ಕ ಇಡಿ. ಮೊದಲ ದಿನ ಸೂಜಿ ಹಾಕುವ ಮುನ್ನ ಕತ್ತು ಎಡಕ್ಕೆ ಬಲಕ್ಕೆ ಎಷ್ಟು ತಿರುಗುತ್ತದೆ ಎಂದು ಬರೆದುಕೊಳ್ಳಿ. ಗದ್ದ ಹೆಚ್ಚುಕಡಿಮೆ ಭುಜದ ನೇರಕ್ಕೆ, 70ರಿಂದ 80 ಡಿಗ್ರಿಯವರೆಗೆ ಬರಬೇಕು. ನೋವಿಗೆ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕ. ಯಾವ ಕೆಲಸ ಮಾಡಲಾಗುತ್ತಿಲ್ಲ ಎಂದು ಒಂದೇ ಒಂದು ಸಾಲು. ಚಿಕಿತ್ಸೆಯ ಹಾಸಿಗೆಯಿಂದ ಎದ್ದ ಕ್ಷಣ ಎಲ್ಲರಿಗೂ ಹಗುರವೇ, ಆ ಹೊತ್ತಿನ ಅಂಕ ಲೆಕ್ಕಕ್ಕಿಲ್ಲ. ಮೂರು ದಿನ ಬಿಟ್ಟು ಬರೆದ ಅಂಕವನ್ನು ನೋಡಬೇಕು. ಮೂರನೇ ಸಲದ ನಂತರವೂ ಆ ಮೂರರಲ್ಲಿ ಯಾವುದೂ ಬದಲಾಗದಿದ್ದರೆ ನಾಲ್ಕನೆಯ ಸಲಕ್ಕೆ ದಿನ ಗೊತ್ತು ಮಾಡುವ ಮೊದಲು ನೋವಿನ ಕಾರಣವನ್ನೇ ಮತ್ತೆ ಪರೀಕ್ಷಿಸಲು ಕೇಳಿ.